ದಿನವಿಡೀ ನಿರುದ್ಯೋಗದ್ದೇ ಪ್ರಶ್ನೆ, ನಮ್ಮ ಜಿಲ್ಲೆಯ ಹುಡುಗರು ಯಾವ ಲೆಕ್ಕದಲ್ಲಿದ್ದಾರೆ?

ಕಾಳಿದಂಡೆ, ಕಾರವಾರ

ಸೋಮವಾರದ ಲೋಕಸಭೆ ಕಲಾಪ ಯಾರಾದರೂ ನೋಡಿದ್ರಾ? ಅಂಗಡಿಗೆ ಗಿರಾಕಿ ಇರಲಿಲ್ಲ, ಸಂಸದ್ ಟಿವಿ ಹಾಕಿಕೊಂಡು ಕೂತಿದ್ದೆ. ಪ್ರಶ್ನೋತ್ತರದಲ್ಲೂ ನಿರುದ್ಯೋಗ, ಶೂನ್ಯವೇಳೆಯಲ್ಲೂ ನಿರುದ್ಯೋಗ, ಮಧ್ಯಾಹ್ನದ ಮೇಲೂ ಅದೇ. ಆ ಕಡೆಯವರು ಎದ್ದು ಯುವಕರಿಗೆ ಕೆಲಸ ಇಲ್ಲ ಅನ್ನುವುದು, ಈ ಕಡೆಯವರು ನಿರುದ್ಯೋಗ 3.2ಕ್ಕೆ ಇಳಿದಿದೆ ಅನ್ನುವುದು, ಉಳಿದವರು ಮೇಜು ಕುಟ್ಟುವುದು.

ನೂರಕ್ಕೆ 3 ಜನ ಅಂದರೆ ನನಗೆ ನಂಬಲಿಕ್ಕೆ ಆಗುವುದಿಲ್ಲ. ಡಿಗ್ರಿ ಮುಗಿಸಿ ಬೈಕ್ ಮೇಲೆ ಕೂತು ಮೊಬೈಲ್ ನೋಡುವ ಹುಡುಗರು ನಮ್ಮ ಒಂದೇ ಕೇರಿಯಲ್ಲಿ ಎಷ್ಟಿದ್ದಾರೆ! ಹಾಗಾದರೆ ಇವರು ಎಣಿಸುವುದು ಯಾರನ್ನು? ಇನ್ನೊಂದು, ಇಷ್ಟು ಹೊತ್ತು ಮಾತಾಡಿದರಲ್ಲ, ಉತ್ತರ ಕನ್ನಡ ಅಂತ ಒಂದು ಸಲವೂ ಕಿವಿಗೆ ಬೀಳಲಿಲ್ಲ. ಅದಕ್ಕೇನು ದಾರಿ? ಪಕ್ಷದ ಜಗಳ ಬೇಡ ಮಾರಾಯ್ರೆ, ಗೊತ್ತಿದ್ದವರು ಹೇಳಿ.

ಸುಮ್ನೆ ಓದುವವ

ಪಕ್ಷದ ಜಗಳ ಬೇಡ ಅಂದಿರಲ್ಲ, ಇನ್ನು ಅದೇ ಶುರು.

ದಿಲ್ಲಿಯ ಅಂಕೋಲಿಗ

ಸೋಮವಾರವೇ ಇಷ್ಟೊಂದು ಬಂದದ್ದಕ್ಕೆ ಕಾರಣ ಇದೆ. ಯಾವ ಸಚಿವಾಲಯ ವಾರದ ಯಾವ ದಿನ ಉತ್ತರ ಕೊಡಬೇಕು ಅಂತ ಹಂಚಿಟ್ಟಿರುತ್ತಾರೆ. ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯಕ್ಕೆ ಲೋಕಸಭೆಯಲ್ಲಿ ಸೋಮವಾರ, ರಾಜ್ಯಸಭೆಯಲ್ಲಿ ಗುರುವಾರ.

ನೀವು ಟಿವಿಯಲ್ಲಿ ನೋಡಿದ್ದು ಬರೀ ತುದಿ. ಲೋಕಸಭೆಯಲ್ಲಿ ದಿನಕ್ಕೆ ನಕ್ಷತ್ರ ಗುರುತಿನ ಪ್ರಶ್ನೆ 20. ಅವಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಆದರೆ 11ಕ್ಕೆ ಶುರುವಾಗಿ 12ಕ್ಕೆ ಮುಗಿಯುವ ಆಟ ಅದು. ಗಲಾಟೆ ಇಲ್ಲದ ದಿನವೂ 20 ಮುಟ್ಟುವುದು ಅಪರೂಪ. ಇನ್ನು 230 ಪ್ರಶ್ನೆಗೆ ನಕ್ಷತ್ರ ಇಲ್ಲ, ಲಿಖಿತ ಉತ್ತರ ಅಷ್ಟೇ. ಯಾರೂ ನೋಡದ ಆ ಕಾಗದಗಳಲ್ಲೇ ಕೆಲಸಕ್ಕೆ ಬರುವ ಮಾಹಿತಿ ಇರುವುದು. ನಾನು ವರ್ಷಗಳಿಂದ ಅದನ್ನೇ ಓದುತ್ತೇನೆ, ಹೆಂಡತಿ ಬೈಯುತ್ತಾಳೆ.

ಅಂದಹಾಗೆ, ಈ ಕಾರ್ಮಿಕ ಇಲಾಖೆಯ ರಾಜ್ಯ ಸಚಿವೆ ಶೋಭಾ ಕರಂದ್ಲಾಜೆ. ಕರಾವಳಿಯವರೇ. ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ ಅಂದರೆ ಏನು ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊನ್ನಾವರದ ಅಕ್ಕೋರು

ಕಾಲೇಜಲ್ಲಿ ಅರ್ಥಶಾಸ್ತ್ರ ಹೇಳುವವಳು, ಮೊದಲ ಪ್ರಶ್ನೆ ನನಗಿರಲಿ.

3.2 ಅನ್ನುವುದು ಪಿ.ಎಲ್.ಎಫ್.ಎಸ್., ಅಂದರೆ ಕೇಂದ್ರ ಸರ್ಕಾರ ಮನೆಮನೆಗೆ ಹೋಗಿ ಮಾಡುವ ಉದ್ಯೋಗ ಸಮೀಕ್ಷೆಯ 2023-24ರ ಅಂಕಿ, 15 ವರ್ಷ ದಾಟಿದವರದ್ದು. 2017-18ರಲ್ಲಿ ಈ ಸಮೀಕ್ಷೆ ಶುರುವಾದಾಗ 6 ಇತ್ತು. ಅದು ಇಡೀ ಜನಸಂಖ್ಯೆಯ ಶೇಕಡಾವಾರು ಅಲ್ಲ. ಕೆಲಸ ಮಾಡುವವರು ಮತ್ತು ಕೆಲಸ ಬೇಕು ಅನ್ನುವವರು, ಇಷ್ಟು ಜನರನ್ನು ಮಾತ್ರ ಕೂಡಿಸಿ, ಅದರಲ್ಲಿ ಕೆಲಸ ಸಿಗದವರು ಎಷ್ಟು ಅಂತ ನೋಡುತ್ತಾರೆ. ಹುಡುಕಿ ಹುಡುಕಿ ಬೇಜಾರಾಗಿ ಕೈಬಿಟ್ಟವನು ಲೆಕ್ಕದಿಂದಲೇ ಹೊರಗೆ. ಮದುವೆಯಾಗಿ ಮನೆಯಲ್ಲಿರುವ ಎಂ.ಎ. ಹುಡುಗಿ, ಕೆಲಸ ಬೇಕು ಅಂತ ಬಾಯಿಬಿಟ್ಟು ಹೇಳದಿದ್ದರೆ, ಅವಳೂ ಹೊರಗೆ.

ಕೆಲಸ ಇದೆ ಅನ್ನಿಸಿಕೊಳ್ಳುವುದಂತೂ ಬಹಳ ಸುಲಭ. ಈ ವಾರ್ಷಿಕ ಲೆಕ್ಕದಲ್ಲಿ, ವರ್ಷದ ಹೆಚ್ಚಿನ ಭಾಗ ಕೆಲಸ ಇಲ್ಲದಿದ್ದರೂ 30 ದಿನ ಏನಾದರೂ ಮಾಡಿದ್ದರೆ ಸಾಕು. ವಾರದ ಲೆಕ್ಕದಲ್ಲಿ ಹಿಂದಿನ 7 ದಿನದಲ್ಲಿ 1 ಗಂಟೆ ಸಾಕು. ಅಪ್ಪನ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂತವನೂ ಉದ್ಯೋಗಿಯೇ. ಕಾಳಿದಂಡೆಯವರೇ, ನಿಮ್ಮ ಬೈಕ್ ಹುಡುಗರಲ್ಲಿ ಅರ್ಧ ಜನ ಹೀಗೆ ಉದ್ಯೋಗಸ್ಥರಾಗಿರುತ್ತಾರೆ ನೋಡಿ.

ಕಾಳಿದಂಡೆ, ಕಾರವಾರ

1 ಗಂಟೆ!! ನನ್ನ ಮಗ ನಾನು ಊಟಕ್ಕೆ ಹೋದಾಗ ಗಲ್ಲೆ ಮೇಲೆ ಕೂರುತ್ತಾನೆ. ಅವನೂ ಸೇರಿದನಾ?

ಹೊನ್ನಾವರದ ಅಕ್ಕೋರು

ಸೇರಿದ. ಮಗನಿಗೆ ಶುಭಾಶಯ ಹೇಳಿ.

ಬೈತಖೋಲ್ ಖಲಾಸಿ

ಅಕ್ಕೋರು ಹೇಳಿದ್ದು ನಮ್ಮ ಮನೆಯಲ್ಲೇ ಆಗಿದೆ. ಟ್ಯಾಬ್ ಹಿಡಿದುಕೊಂಡು ಒಬ್ಬರು ಬಂದಿದ್ದರು, ಒಳ್ಳೆ ಮನುಷ್ಯ, ಬಿಸಿಲಲ್ಲಿ ಬೆವರಿ ಹೋಗಿದ್ದರು. ಆಯಿ ಮಜ್ಜಿಗೆ ಕೊಟ್ಟಳು. ಮಗ ಏನು ಮಾಡ್ತಾನೆ ಅಂತ ಕೇಳಿದರು. ಬೋಟಿಗೆ ಹೋಗ್ತಾನೆ ಅಂದಳು. ಮುಗಿಯಿತು. ನಾನು ಬಿಕಾಂ ಮಾಡಿ ಬ್ಯಾಂಕ್ ಪರೀಕ್ಷೆ ಬರೆಯುತ್ತಾ ಮಾವನ ಬೋಟಿನಲ್ಲಿ ಖಲಾಸಿಯಾಗಿ ಹೋಗುವವ ಅಂತ ಆ ಟ್ಯಾಬಿಗೆ ಹೇಗೆ ಗೊತ್ತಾಗಬೇಕು?

ಸಂಬಳ ಅಂತ ಇಲ್ಲ ನಮಗೆ, ಪಾಲು. ಡೀಸೆಲ್, ಐಸ್, ಬೋಟಿನ ಪಾಲು ಎಲ್ಲ ಕಳೆದು, ಬೋಟು ನಡೆಸುವ ತಂಡೇಲನ ಪಾಲು ತೆಗೆದು ಉಳಿದದ್ದು ನಮ್ಮಲ್ಲಿ ಹಂಚಿಕೆ. ಬಂಗಡೆ ಸಿಕ್ಕ ವಾರ ಹಬ್ಬ, ಸಿಗದ ವಾರ ಡೀಸೆಲ್ ಸಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟ್ ಬಂದ್. ಆಗ ದಕ್ಕೆಯಲ್ಲಿ ಕೂತು ಬಲೆ ರಿಪೇರಿ, ದಿನಗೂಲಿ ಕೊಟ್ಟರೆ ಕೊಟ್ಟರು. ನನ್ನ ಪ್ರಶ್ನೆ ಇಷ್ಟೇ: ಜುಲೈಯಲ್ಲಿ ನಾನು ನಿರುದ್ಯೋಗಿಯಾ ಅಲ್ವಾ?

ಹೊನ್ನಾವರದ ಅಕ್ಕೋರು

ವಾರ್ಷಿಕ ಲೆಕ್ಕದಲ್ಲಿ ಅಲ್ಲ ತಮ್ಮಾ. ವರ್ಷದ ಹೆಚ್ಚಿನ ಭಾಗ ಬೋಟಿಗೆ ಹೋಗಿದ್ದೀಯಲ್ಲ, ಮಳೆಗಾಲ ಅದರಲ್ಲಿ ಮುಳುಗಿಹೋಗುತ್ತದೆ. 2025ರಿಂದ ತಿಂಗಳ ಅಂಕಿಯೂ ಬರುತ್ತಿದೆ, ಅದು ವಾರದ ಲೆಕ್ಕದ ಮೇಲೆ. ಅದರಲ್ಲಿ ಸಿಗಬಹುದು, ಆದರೆ ಆ ವಾರ ಬಲೆ ಹೊಲಿಯಲಿಕ್ಕೆ 1 ಗಂಟೆ ಕೂತಿದ್ದರೆ ಮತ್ತೆ ಇಲ್ಲ.

ಯಾಣದ ಭಟ್ಟ

ತಪ್ಪು ತಿಳಿಯಬೇಡಿ, ನಾನು ಉಲ್ಟಾ ಹೇಳುವವನು. ಕೆಲಸ ಇಲ್ಲ ಅನ್ನುವ ಮಾತು ನನಗೆ ಅರ್ಥವೇ ಆಗುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಯಾವ ತೋಟಕ್ಕೆ ಬೇಕಾದರೂ ಹೋಗಿ, ಕೆಲಸಕ್ಕೆ ಜನ ಇಲ್ಲ. ಮಳೆ ಹಿಡಿಯುವ ಮೊದಲು ಮದ್ದು ಹೊಡೆಯಲು ಅಡಿಕೆ ಮರ ಹತ್ತುವ ಕೊನೆಗೌಡ ಸಿಗದೆ ಕೊಳೆರೋಗ ಬಂದು ಕಾಯಿ ಉದುರಿಹೋಗುತ್ತದೆ. ಕೊಯ್ಲಿನಲ್ಲಿ ಅವನಿಗಾಗಿ ನಾಲ್ಕು ಮನೆಯವರು ಕಾದು ಕೂರುತ್ತೇವೆ, ಅವನು ಹೇಳಿದ್ದೇ ರೇಟು. ಹೇಳಲಿ, ಬೇಡ ಅನ್ನುವುದಿಲ್ಲ, ಜೀವ ಪಣಕ್ಕಿಟ್ಟು ಮರದಿಂದ ಮರಕ್ಕೆ ಹೋಗುವವ. ಆದರೆ ಅವನ ಮಗ ಹತ್ತುವುದಿಲ್ಲ. ಈಗ ಎಲ್ಲರೂ ನೆಲದಲ್ಲೇ ನಿಂತು ಕೊಯ್ಯುವ ಉದ್ದನೆಯ ದೋಟಿ ತಂದುಕೊಂಡಿದ್ದಾರೆ, ಅದನ್ನು ಹಿಡಿಯಲಿಕ್ಕೂ ರಟ್ಟೆ ಬೇಕು, ನನಗೆ ಅರವತ್ತೆರಡು.

ಕಾರವಾರದ ಬೋಟುಗಳಲ್ಲಿ ಒಡಿಶಾ, ಜಾರ್ಖಂಡಿನ ಹುಡುಗರು ದುಡಿಯುತ್ತಾರಲ್ಲ, ಅವರಿಗೆ ಕೆಲಸ ಕಂಡಿತು, ನಮ್ಮವರಿಗೆ ಯಾಕೆ ಕಾಣುವುದಿಲ್ಲ?

ಬೈತಖೋಲ್ ಖಲಾಸಿ

ಭಟ್ರೇ, ನಿಮ್ಮ ಮಗ ಎಲ್ಲಿದ್ದಾನೆ?

ಯಾಣದ ಭಟ್ಟ

ಬೆಂಗಳೂರಲ್ಲಿ. ಅದು ಬೇರೆ ವಿಷಯ.

ಸುಮ್ನೆ ಓದುವವ

😂😂 ಅದೇ ವಿಷಯ ಭಟ್ರೇ.

ಕುಮಟಾ ಮಾಮ

ಭಟ್ಟರನ್ನು ಎಂತಕ್ಕೆ ಕಾಡಿಸ್ತೀರಿ, ಅವರು ಹೇಳುವುದರಲ್ಲೂ ಅರ್ಥ ಇದೆ. ನಮ್ಮ ಕಾಲದಲ್ಲಿ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿ ಕಾರ್ಡು ತಗೊಂಡು, ಅದನ್ನು ರಿನ್ಯೂ ಮಾಡಿಸುತ್ತಾ ಕಾಯುತ್ತಿದ್ದೆವು. ಕಾಯುವಾಗ ಸುಮ್ಮನೆ ಕೂರಲಿಲ್ಲ, ಗದ್ದೆಗೂ ಹೋದೆವು. ನನ್ನ ಕಾರ್ಡು ಇನ್ನೂ ಟ್ರಂಕಿನಲ್ಲಿದೆ. ಕರೆ ಬರಲಿಲ್ಲ, ನಾನು ರಿಟೈರ್ ಆದೆ.

ಮಾಜಾಳಿ ಗೇಟು

ಗೋವಾ ವಿಷಯ ಯಾರೂ ತೆಗೆಯಲೇ ಇಲ್ಲವಲ್ಲ! ನಾನು ವೆರ್ಣಾದ ಒಂದು ಔಷಧ ಕಂಪನಿಯಲ್ಲಿ ಪ್ಯಾಕಿಂಗ್. ಕತ್ತಲಿರುವಾಗ ಮನೆ ಬಿಟ್ಟರೆ ಕತ್ತಲಾದ ಮೇಲೆ ವಾಪಸ್. ರೈಲಿನ ನಮ್ಮ ಡಬ್ಬಿಯಲ್ಲಿ ಕಾರವಾರ, ಅಸ್ನೋಟಿ, ಚಿತ್ತಾಕುಲದವರೇ ತುಂಬಿರುತ್ತಾರೆ. ಐಟಿಐ ಫಿಟ್ಟರು, ಡಿಪ್ಲೊಮಾ ಮಾಡಿದವ, ಎಂಕಾಂ ಮುಗಿಸಿ ಹೋಟೆಲಿನ ರಿಸೆಪ್ಷನ್ನಿನಲ್ಲಿ ನಿಲ್ಲುವ ಹುಡುಗಿ. ಕೂತ ಕೂಡಲೇ ನಿದ್ದೆ, ಕಾಣಕೋಣ ದಾಟಿದ್ದೂ ಗೊತ್ತಾಗುವುದಿಲ್ಲ. ಮಳೆಗಾಲ ಬಂತೆಂದರೆ ಹೋಟೆಲಿನವರ ಸೀಟು ಖಾಲಿ. ಸೀಸನ್ ಶುರುವಾದಾಗ ಕರೀತೇವೆ ಅಂತ ಕಳಿಸಿಬಿಟ್ಟಿರುತ್ತಾರೆ. ಲಾಕ್‌ಡೌನಿನಲ್ಲಿ ಗಡಿ ಮುಚ್ಚಿದಾಗ ಪೋಳೆಂನಲ್ಲಿ ನಿಂತು ನಮ್ಮ ಊರನ್ನೇ ನೋಡುತ್ತಾ ಕಾದವರು ನಾವು. ನಮ್ಮನ್ನು ಯಾವ ರಾಜ್ಯದ ಉದ್ಯೋಗಕ್ಕೆ ಸೇರಿಸುತ್ತಾರೆ ಅಕ್ಕೋರೇ?

ಹೊನ್ನಾವರದ ಅಕ್ಕೋರು

ಸಮೀಕ್ಷೆ ಮನೆಯಿಂದ ಮನೆಗೆ ನಡೆಯುವುದು. ನಿಮ್ಮ ಮನೆ ಮಾಜಾಳಿಯಲ್ಲಿ, ಹಾಗಾಗಿ ನೀವು ಕರ್ನಾಟಕದ ಲೆಕ್ಕದ ಉದ್ಯೋಗಿ.

ಈಗ ಒಂದು ಮಜಾ ಹೇಳುತ್ತೇನೆ. 2023-24ರ ಅದೇ ಸಮೀಕ್ಷೆಯಲ್ಲಿ ಗೋವಾದ ನಿರುದ್ಯೋಗ 8.5. ರಾಜ್ಯಗಳ ಪೈಕಿ ಅದೇ ಜಾಸ್ತಿ. ನಮ್ಮ ಕರ್ನಾಟಕದ್ದು 3ಕ್ಕೂ ಕಡಿಮೆ. ಅಂಕಿ ನೋಡಿದರೆ ಗೋವಾದವರು ಕೆಲಸ ಹುಡುಕಿಕೊಂಡು ಕಾರವಾರಕ್ಕೆ ರೈಲು ಹತ್ತಬೇಕಿತ್ತು.

ದಿಲ್ಲಿಯ ಅಂಕೋಲಿಗ

ಇದನ್ನು ಯಾರಾದರೂ ಸದನದಲ್ಲಿ ಕೇಳಬೇಕಿತ್ತು.

ಕಾಳಿದಂಡೆ, ಕಾರವಾರ

ತಲೆ ತಿರುಗಿತು. ಹಾಗಾದರೆ ಗೋವಾದಲ್ಲಿ ಕೆಲಸ ಇಲ್ಲವಾ, ಇದೆಯಾ?

ಹೊನ್ನಾವರದ ಅಕ್ಕೋರು

ಇದೆ. ಆದರೆ ಅಲ್ಲಿಯ ಓದಿದ ಹುಡುಗ ತನಗೆ ಬೇಕಾದ ಕೆಲಸಕ್ಕೆ ಕಾಯುತ್ತಾನೆ. ಕಾಯಲಿಕ್ಕೆ ಮನೆಯಲ್ಲಿ ಶಕ್ತಿ ಇರಬೇಕು. ಅಪ್ಪನಿಗೆ ಪಿಂಚಣಿ ಬರಬೇಕು, ಇಲ್ಲವೇ ಅಣ್ಣ ವಿದೇಶದಿಂದ ಕಳಿಸಬೇಕು. ಕೇರಳದ್ದೂ ಇದೇ ಕತೆ, ಅಲ್ಲಿ 7.2. ನಮ್ಮ ಖಲಾಸಿಗೆ ಕಾಯಲು ಆಗುವುದಿಲ್ಲ, ಸಿಕ್ಕ ಬೋಟು ಹತ್ತುತ್ತಾನೆ, ಉದ್ಯೋಗಿ ಆಗುತ್ತಾನೆ. ಬಡವನಿಗೆ ನಿರುದ್ಯೋಗಿಯಾಗಿ ಇರಲಿಕ್ಕೂ ಪುರುಸೊತ್ತಿಲ್ಲ. ಅದಕ್ಕೇ ನನಗೆ ಈ 3.2ರ ಮೇಲೆ ಮೇಜು ಕುಟ್ಟುವವರನ್ನು ಕಂಡರೂ ಆಗುವುದಿಲ್ಲ, ಅದು ಸುಳ್ಳು ಅಂತ ಕೂಗುವವರನ್ನು ಕಂಡರೂ ಆಗುವುದಿಲ್ಲ. ಅಂಕಿ ಸುಳ್ಳಲ್ಲ. ಕೆಲಸ ಇದೆಯೇ ಅಂತ ಕೇಳಿದ್ದಕ್ಕೆ ಬಂದ ಉತ್ತರ ಅದು. ಎಂಥ ಕೆಲಸ, ಎಷ್ಟು ಸಂಬಳ, ಓದಿದ್ದಕ್ಕೂ ಅದಕ್ಕೂ ಸಂಬಂಧ ಇದೆಯೇ, ಇವನ್ನು ಬೇರೆಯಾಗಿ ಕೇಳಬೇಕು.

ಗುಡ್ಡದ ಹುಲಿ

ಅಕ್ಕೋರೇ ನೀವು ಸುತ್ತಿ ಬಳಸಿ ಸರ್ಕಾರವನ್ನು ಕಾಪಾಡ್ತಾ ಇದ್ದೀರಿ. 2022ರ ಜುಲೈಯಲ್ಲಿ ಇದೇ ಲೋಕಸಭೆಗೆ ಸರ್ಕಾರವೇ ಕೊಟ್ಟ ಉತ್ತರ ಕೇಳಿ: 2014ರಿಂದ ಅಲ್ಲಿಯವರೆಗೆ ಕೇಂದ್ರ ಸರ್ಕಾರದ ಕೆಲಸಕ್ಕೆ ಬಂದ ಅರ್ಜಿ 22.05 ಕೋಟಿ, ಆಯ್ಕೆಯಾದವರು 7.22 ಲಕ್ಷ. ಇದಕ್ಕೇನು ಹೇಳ್ತೀರಿ?

ತದಡಿ ಬಂದರು

ಅರ್ಜಿ ಬೇರೆ, ಜನ ಬೇರೆ. ನಾನೊಬ್ಬನೇ ರೈಲ್ವೆ, ಎಸ್‌ಎಸ್‌ಸಿ, ಅಂಚೆ ಅಂತ ಕಂಡಕಂಡಲ್ಲಿ ಹಾಕಿದ್ದೇನೆ. 22 ಕೋಟಿ ಜನ ಅಂತ ತಿಳಿಯಬೇಡಿ. 15ರಿಂದ 29 ವಯಸ್ಸಿನವರ ನಿರುದ್ಯೋಗ 2017-18ರಲ್ಲಿ 17.8 ಇದ್ದದ್ದು 2023-24ಕ್ಕೆ 10.2 ಆಗಿದೆ. ಅದನ್ನೂ ಹೇಳಿ.

ಗುಡ್ಡದ ಹುಲಿ

ಆ 2017-18ರ ವರದಿಯನ್ನೇ ಚುನಾವಣೆ ಮುಗಿಯುವವರೆಗೆ ಹೊರಗೆ ಬಿಡಲಿಲ್ಲವಲ್ಲ! ಅಂಕಿಅಂಶ ಆಯೋಗದ ಇಬ್ಬರು ಸದಸ್ಯರು 2019ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ವರದಿ ಬಂದದ್ದು ಮೇ 31ಕ್ಕೆ.

ತದಡಿ ಬಂದರು

ರಾಜ್ಯ ಸರ್ಕಾರದ್ದೂ ತೆಗೀರಿ ಹಾಗಾದರೆ. 545 ಪಿಎಸ್ಐ ಹುದ್ದೆ, 2021ರಲ್ಲಿ ಪರೀಕ್ಷೆ, ಹಗರಣ, ಮರುಪರೀಕ್ಷೆ 2024ಕ್ಕೆ. ನಮ್ಮ ಪಕ್ಕದ ಮನೆ ಹುಡುಗ ದಿನಾ ಬೀಚಲ್ಲಿ ಓಡಿ ಓಡಿ ತಯಾರಾಗಿದ್ದ. ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಆಡಳಿತದ ಹುದ್ದೆಯಲ್ಲಿ ಶೇ 50, ಉಳಿದದ್ದರಲ್ಲಿ ಶೇ 70 ಮೀಸಲು ಅಂತ 2024ರ ಜುಲೈಯಲ್ಲಿ ಸಂಪುಟ ಒಪ್ಪಿದ್ದೂ ಆಯಿತು, ಎರಡು ದಿನದಲ್ಲಿ ತಡೆಹಿಡಿದದ್ದೂ ಆಯಿತು.

ಗುಡ್ಡದ ಹುಲಿ

ಯುವನಿಧಿ ಕೊಟ್ಟದ್ದು ಯಾರು? ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500.

ತದಡಿ ಬಂದರು

ಅದು ಕೆಲಸವಾ? 2 ವರ್ಷಕ್ಕೆ ಅದೂ ನಿಂತ ಮೇಲೆ?

ನಿರ್ವಾಹಕ

ಇಬ್ಬರೂ ಸ್ವಲ್ಪ ನೀರು ಕುಡಿಯಿರಿ. ವೈಯಕ್ತಿಕ ಬೈಗುಳದ ಎರಡು ಉತ್ತರ ತೆಗೆದಿದ್ದೇನೆ.

ಸುಮ್ನೆ ಓದುವವ

ನಾನು ಮೊದಲೇ ಹೇಳಿದ್ದೆ.

ಅಘನಾಶಿನಿ

ಗಲಾಟೆ ನೋಡಿ 2023ರ ಡಿಸೆಂಬರ್ 13 ನೆನಪಾಯಿತು. ಶೂನ್ಯವೇಳೆಯಲ್ಲೇ ಇಬ್ಬರು ಹುಡುಗರು ಗ್ಯಾಲರಿಯಿಂದ ಜಿಗಿದು ಹೊಗೆ ಡಬ್ಬಿ ಬಿಟ್ಟದ್ದು. ಒಬ್ಬ ಮೈಸೂರಿನವ. ನಿರುದ್ಯೋಗದ ಕಡೆ ಗಮನ ಸೆಳೆಯಲು ಅಂತ ಆಮೇಲೆ ಸುದ್ದಿ ಬಂತು. ಮಾಡಿದ್ದು ಶುದ್ಧ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲೆ ಆದದ್ದೇನು? ಭದ್ರತೆ ಬಗ್ಗೆ ಉತ್ತರ ಬೇಕು ಅಂತ ವಿರೋಧ ಪಕ್ಷದವರು ಕೂತರು, ಆ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸಂಸದರು ಅಮಾನತಾದರು. ನಿರುದ್ಯೋಗದ ಮಾತು ಹೊಗೆಯಲ್ಲೇ ಹೋಯಿತು.

ಕುಮಟಾ ಮಾಮ

ಸಂಸತ್ತು ಅಂದ ಕೂಡಲೇ ನನಗೆ ದಿನಕರ ದೇಸಾಯಿಯವರು. 1967ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದು ದಿಲ್ಲಿಗೆ ಹೋದರು. ಅದಕ್ಕೂ ಮೊದಲೇ ಜಿಲ್ಲೆಗೆ ಕೆನರಾ ವೆಲ್ಫೇರ್ ಟ್ರಸ್ಟಿನ ಶಾಲೆಗಳನ್ನು ಕೊಟ್ಟವರು. ನಾನು ಓದಿದ್ದೂ ಅಂಥದ್ದೇ ಒಂದರಲ್ಲಿ. ಓದಿಸಿದ್ದೇನೋ ಆಯಿತು, ಓದಿದವರಿಗೆ ಊರಲ್ಲಿ ಕೆಲಸ ಯಾರೂ ಇಡಲಿಲ್ಲ.

ಮಾಜಾಳಿ ಗೇಟು

ಇಟ್ಟಿದ್ದಾರಲ್ಲ ಮಾಮ. ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು, 2005ರಲ್ಲಿ ಐಎನ್‌ಎಸ್ ಕದಂಬ. ಕೈಗಾ ಅಣುಸ್ಥಾವರದಲ್ಲಿ 2000ದಿಂದ ಕರೆಂಟು. ದೇಶಕ್ಕೆ ಬೇಕಾದದ್ದೆಲ್ಲ ನಮ್ಮಲ್ಲೇ ಇದೆ.

ಅಘನಾಶಿನಿ

ಇದೆ, ಗೇಟಿನ ಒಳಗೆ. ಒಂದು ದೊಡ್ಡ ಯೋಜನೆಗೆ ನಮ್ಮ ಮನೆ, ತೆಂಗಿನ ಹಿತ್ತಲು ಎಲ್ಲ ಹೋಯಿತು. ಹೆಸರು ಹೇಳುವುದಿಲ್ಲ, ಬೇಡ. ಮನೆಗೊಂದು ಕೆಲಸ ಅಂತ ಆಗ ಬಾಯಲ್ಲಿ ಹೇಳಿದ್ದನ್ನು ಅಪ್ಪ ನಂಬಿದ. ತಮ್ಮನಿಗೆ ಕೊನೆಗೆ ಸಿಕ್ಕಿದ್ದು ಗುತ್ತಿಗೆದಾರನ ಕೈಕೆಳಗೆ ಹುಲ್ಲು ಕೊಚ್ಚುವ ಕೆಲಸ. ಗೇಟ್ ಪಾಸಿನಲ್ಲಿ ಅವನ ಫೋಟೋ ಇದೆ, ಹಿಂದಿನ ಗುಡ್ಡ ನಮ್ಮದೇ. ಅವನೂ 3.2ರ ಹೊರಗಿನವ, ಉದ್ಯೋಗಿ.

ಕಾಳಿದಂಡೆ, ಕಾರವಾರ

ಇದನ್ನು ಓದಿ ಸುಮ್ಮನಾದೆ.

ಯಾಣದ ಭಟ್ಟ

ನಮ್ಮ ಹಿಂದಿನ ಸಂಸದ ಅನಂತಕುಮಾರ ಹೆಗಡೆಯವರು 2017ರಿಂದ 2019ರವರೆಗೆ ಕೌಶಲ್ಯಾಭಿವೃದ್ಧಿಯ ರಾಜ್ಯ ಸಚಿವರೇ ಆಗಿದ್ದರಲ್ಲ. ಉದ್ಯೋಗದ ತರಬೇತಿ ಕೊಡುವ ಇಲಾಖೆಯೇ ಜಿಲ್ಲೆಯ ಕೈಯಲ್ಲಿತ್ತು.

ಗುಡ್ಡದ ಹುಲಿ

ಇತ್ತು. ಇತ್ತು ಅಷ್ಟೇ.

ದಿಲ್ಲಿಯ ಅಂಕೋಲಿಗ

ಮಂತ್ರಿಯಾದವರು ಸದನದಲ್ಲಿ ಪ್ರಶ್ನೆ ಕೇಳುವ ಹಾಗಿಲ್ಲ, ಉತ್ತರ ಕೊಡಬೇಕು. ಈಗಿನ ಸಂಸದ ವಿಶ್ವೇಶ್ವರ ಹೆಗಡೆ ಕಾಗೇರಿ ಮಂತ್ರಿಯಲ್ಲ, ಕೇಳಬಹುದು. ವಿಧಾನಸಭೆಯಲ್ಲಿ ಸ್ಪೀಕರ್ ಆಗಿ ಪ್ರಶ್ನೋತ್ತರ ನಡೆಸಿದವರಿಗೆ ಪ್ರಶ್ನೆಯ ಬೆಲೆ ಗೊತ್ತಿರುತ್ತದೆ. ಕಾಳಿದಂಡೆಯವರ ಎರಡನೇ ಪ್ರಶ್ನೆಗೆ ಉತ್ತರ ಇದೇ: ಪ್ರಶ್ನೆ ಬರೆದು ಅವರ ಕಚೇರಿಗೆ ಕೊಡಿ. ಅವರು ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು, ಆಮೇಲೆ ಲಾಟರಿ. ನಕ್ಷತ್ರ ಬೇಕು ಅಂತ ಹಟ ಬೇಡ, ಲಿಖಿತ ಉತ್ತರವೇ ಒಳ್ಳೆಯದು, ದಾಖಲೆಯಾಗಿ ಉಳಿಯುತ್ತದೆ.

ಬೈತಖೋಲ್ ಖಲಾಸಿ

ಬರೆದೆ, ನೋಡಿ:

(ಅ) ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಬೋಟಿನ ಕಾರ್ಮಿಕರನ್ನು ಸಮೀಕ್ಷೆಯಲ್ಲಿ ಹೇಗೆ ಪರಿಗಣಿಸಲಾಗುತ್ತದೆ;
(ಆ) ಉತ್ತರ ಕನ್ನಡದಿಂದ ದಿನವೂ ಗೋವಾಕ್ಕೆ ಕೆಲಸಕ್ಕೆ ಹೋಗುವವರ ಲೆಕ್ಕ ಸರ್ಕಾರದ ಬಳಿ ಇದೆಯೇ;
(ಇ) ಕಾರವಾರದಲ್ಲಿ ಪದವೀಧರರಿಗೆ ಎಂಥ ಕೆಲಸ ಸಿಗುತ್ತಿದೆ ಅಂತ ಮಂತ್ರಿಗಳಿಗೆ ಒಮ್ಮೆಯಾದರೂ ಬಂದು ನೋಡಲು ಪುರುಸೊತ್ತಿದೆಯೇ?

ದಿಲ್ಲಿಯ ಅಂಕೋಲಿಗ

(ಅ), (ಆ) ಭೇಷ್. (ಇ) ಬಿದ್ದುಹೋಗುತ್ತದೆ ತಮ್ಮಾ. ಪ್ರಶ್ನೆಯಲ್ಲಿ ವಾದ, ಊಹೆ, ವ್ಯಂಗ್ಯ, ಚುಚ್ಚುಮಾತು ಇರಬಾರದು ಅಂತ ಲೋಕಸಭೆಯ ನಿಯಮದಲ್ಲೇ ಇದೆ. 150 ಪದ ಮೀರಬಾರದು. ಕೊನೆಗೆ "ಹಾಗಿದ್ದಲ್ಲಿ ಅದರ ವಿವರ, ಇಲ್ಲದಿದ್ದಲ್ಲಿ ಅದಕ್ಕೆ ಕಾರಣ" ಅಂತ ಸೇರಿಸು. ಅದಿಲ್ಲದಿದ್ದರೆ "ಇಲ್ಲ" ಅಂತ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ.

ಬೈತಖೋಲ್ ಖಲಾಸಿ

ವ್ಯಂಗ್ಯ ಮಾಡುವ ಹಾಗಿಲ್ಲ ಅಂದರೆ ಸೋಮವಾರ ಅವರೆಲ್ಲ ಮಾಡಿದ್ದೇನು?

ದಿಲ್ಲಿಯ ಅಂಕೋಲಿಗ

ಅದು ಬಾಯಲ್ಲಿ. ಇದು ಕಾಗದದಲ್ಲಿ.

ಕಲ್ಪನಾ ಪ್ರಿಯೆ

ಅದರ ಜೊತೆ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಯಾವಾಗ ಅಂತಲೂ ಸೇರಿಸಿ. ಅಪಘಾತ ಆದರೆ ಇನ್ನೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. ಆಸ್ಪತ್ರೆ ಬಂದರೆ ನರ್ಸಿಂಗ್ ಮಾಡಿದ ನಮ್ಮ ಹುಡುಗಿಯರಿಗೆ ಕೆಲಸವೂ ಸಿಗುತ್ತದೆ, ಅಲ್ವಾ?

ತದಡಿ ಬಂದರು

ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವನ್ನೂ.

ಯಾಣದ ಭಟ್ಟ

ಕೊನೆಗೌಡರ ವಿಮೆಯನ್ನೂ.

ಹೊನ್ನಾವರದ ಅಕ್ಕೋರು

ಎಲ್ಲ ಒಂದಕ್ಕೇ ತುರುಕಬೇಡಿ. ಸಮೀಕ್ಷೆ ನಡೆಸುವುದು ಅಂಕಿಅಂಶ ಸಚಿವಾಲಯ, ಹಾಗಾಗಿ ಲೆಕ್ಕ ಹಿಡಿಯುವ ಬಗೆ ಕೇಳಬೇಕಾದ್ದು ಅವರನ್ನು. ಕಾರ್ಮಿಕ ಸಚಿವಾಲಯಕ್ಕೆ ಹಾಕಿದರೆ ಅದೇ 3.2 ಮತ್ತೆ ಅಂಚೆಯಲ್ಲಿ ಬರುತ್ತದೆ. ನಿಷೇಧದ ದಿನಗಳ ಪರಿಹಾರ ಕೇಳುವುದಾದರೆ ಮೀನುಗಾರಿಕೆಗೆ 2019ರಿಂದ ಬೇರೆಯೇ ಸಚಿವಾಲಯ ಇದೆ. ಆಸ್ಪತ್ರೆ ಆರೋಗ್ಯಕ್ಕೆ, ರೈಲು ರೈಲ್ವೆಗೆ. (ಅ) ಒಂದನ್ನೇ ಸರಿಯಾಗಿ ಬರೆಯೋಣ. ಖಲಾಸಿ ತಮ್ಮಾ, ಕರಡು ನನಗೆ ಕಳಿಸು, ಭಾಷೆ ತಿದ್ದಿ ಕೊಡುತ್ತೇನೆ.

ಕಾಳಿದಂಡೆ, ಕಾರವಾರ

ಅಡ್ಡಿಲ್ಲ. ಸಂಸದರ ಶಿರಸಿ ಕಚೇರಿಗೆ ಕೊಟ್ಟುಬರಲು ಯಾರು ಬರ್ತೀರಿ? ಶನಿವಾರ ನಾನು ಅಂಗಡಿ ಮುಚ್ಚಬಲ್ಲೆ.

ಸುಮ್ನೆ ಓದುವವ

ಯಾಕೆ ಮುಚ್ಚುವುದು, ಉದ್ಯೋಗಸ್ಥ ಮಗ ಇದ್ದಾನಲ್ಲ.

ಬೈತಖೋಲ್ ಖಲಾಸಿ

ನಾನು ಬರ್ತೇನೆ, ಆದರೆ ಮೀನು ಬಿದ್ದರೆ ಇಲ್ಲ.

ಕುಮಟಾ ಮಾಮ

ಕುಮಟಾದಲ್ಲಿ ನನ್ನನ್ನೂ ಹತ್ತಿಸಿಕೊಳ್ಳಿ. ದೇವಿಮನೆ ಘಟ್ಟದಲ್ಲಿ ಈಗ ಬಸ್ಸು ಬಿಡ್ತಾರಾ, ಅದನ್ನು ಮೊದಲು ವಿಚಾರಿಸಿ.